ರುದ್ರವ್ವನಿಗೆ ಸಮುದ್ರ ತೋರಿಸಿದ್ದು

ಹೋಟೆಲಿನವರಿಗೆ ಇನ್ನೊಬ್ಬರ ಹೋಟೆಲಿನಲ್ಲಿ ದುಡ್ಡು ಕೊಟ್ಟು ಇಡ್ಲಿ ತಿನ್ನುವುದೆಂದರೆ ಹೊಟ್ಟೆ ಉರಿಯುತ್ತದೆ. ಸುಳ್ಳಲ್ಲ. ತಟ್ಟೆ ಎದುರಿಗೆ ಬಂದ ಕೂಡಲೇ ಅಕ್ಕಿ ಎಷ್ಟು, ಉದ್ದು ಎಷ್ಟು, ಇವನಿಗೆ ಉಳಿಯುವುದೆಷ್ಟು ಎಂದು ತಲೆ ಓಡತೊಡಗುತ್ತದೆ, ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ಹಾಗಾಗಿ ನಾವು ಎಲ್ಲಿಗೆ ಹೋದರೂ ಸ್ಟವ್ವು, ಇಡ್ಲಿ ಪಾತ್ರೆ, ರುಬ್ಬಿದ ಹಿಟ್ಟು ಕಟ್ಟಿಕೊಂಡೇ ಹೋಗುವ ಪೈಕಿ. ಎಲ್ಲ ಅಲ್ಲಿಂದಲೇ ಶುರುವಾಯಿತು ಎಂದು ಹೇಳಿ ನಾನು ಜಾರಿಕೊಳ್ಳಬಹುದು. ಆದರೆ ತಪ್ಪು ಹಿಟ್ಟಿನದಲ್ಲ, ನನ್ನದು.

ಪುಣೆಯ ಖಡಕಿ ಬಜಾರಿನಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಗಂಗೊಳ್ಳಿಯಿಂದ ಮದುವೆಯಾಗಿ ಇಲ್ಲಿಗೆ ಬಂದು ಹದಿನೆಂಟು ವರ್ಷವಾಯಿತು. ಈ ಹದಿನೆಂಟು ವರ್ಷದಲ್ಲಿ ಹೋಟೆಲು ಬಾಗಿಲು ಹಾಕಿದ್ದು ಕೊರೊನಾ ಬಂದಾಗ ಮತ್ತು ಮಾವ ಹೋದಾಗ, ಅಷ್ಟೇ. ಕಳೆದ ಡಿಸೆಂಬರಿನ ಕೊನೆಗೆ ಅಡುಗೆಮನೆಯ ನೆಲ ಕಿತ್ತು ಹೊಸ ಕಲ್ಲು ಹಾಕಿಸಲೇಬೇಕಾಗಿ ಬಂತು. ನಾಲ್ಕು ದಿನ ಒಲೆ ಹಚ್ಚುವ ಹಾಗಿಲ್ಲ. ಮಕ್ಕಳಿಗೂ ರಜೆ. ಒಂಬತ್ತು ವರ್ಷದ ಸುಹಾಸ ನೆಲಕ್ಕೆ ಬಿದ್ದು ಹೊರಳಾಡುವುದೊಂದು ಬಾಕಿ, ಎಲ್ಲಿಗಾದರೂ ಹೋಗೋಣ ಎಂದು ಜೀವ ತಿಂದ. ಅವನಕ್ಕ ಶರಣ್ಯಾ ಬಾಯಿ ಬಿಟ್ಟು ಹೇಳಲಿಲ್ಲ, ಮುಖ ಊದಿಸಿಕೊಂಡು ಓಡಾಡಿದಳು.

ನನ್ನ ಗಂಡ ಸುಖೇಶ್ ಊರಿಗೆ ಹೋಗುವ ಎಂದರು. ನಾನು ಬಿಡಲಿಲ್ಲ. ಊರಿಗೆ ಹೋಗುವುದೆಂದರೆ ಖರ್ಚು ಬಸ್ಸಿಗಲ್ಲ, ನೆಂಟರಿಗೆ. ಒಂದು ಮನೆಗೆ ಸ್ವೀಟ್ ಪ್ಯಾಕೆಟ್ ಕೊಟ್ಟು ಇನ್ನೊಂದು ಮನೆಗೆ ಕೊಡದಿದ್ದರೆ ಹತ್ತು ವರ್ಷ ಮಾತು ಕೇಳಬೇಕು. ಅದರ ಬದಲು ದಾಪೋಲಿ ಹತ್ತಿರದ ಹರ್ಣೈಗೆ ಹೋಗುವುದೆಂದು ನಾನೇ ಹುಡುಕಿದೆ. ಎಸ್‌ಟಿ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್. ಅತ್ತೆಗೆ ಎಪ್ಪತ್ತಾರು, ಅವರಿಗೆ ಪೂರ್ತಿ ಪುಕ್ಕಟೆ. ಸಮುದ್ರ ನೋಡಲು ಯಾರೂ ಟಿಕೆಟ್ ಕೇಳುವುದಿಲ್ಲ, ಚಿಪ್ಪು ಹೆಕ್ಕಲು ದುಡ್ಡು ಬೇಡ, ಚಳಿಗಾಲದಲ್ಲಿ ಎಲ್ಲಿಂದಲೋ ಹಾರಿಬರುವ ಬಿಳಿ ಹಕ್ಕಿಗಳು ಕುರುಕುಲು ಎಸೆದರೆ ತಲೆಯ ಮೇಲೆಯೇ ಬರುತ್ತವೆ, ಸಂಜೆ ದಡದಲ್ಲಿ ಮೀನು ಹರಾಜು. ಹೆಂಚಿನ ಮನೆಯೊಂದರ ಹಿಂಬದಿ ಕೋಣೆ ಅಗ್ಗಕ್ಕೆ ಸಿಕ್ಕಿತು. ಅಂಗಳದಲ್ಲಿ ಅಡುಗೆ ಮಾಡಿಕೊಳ್ಳಬಹುದು ಎಂದು ಮನೆಯ ಯಜಮಾನಿ ಕಾಕು ಫೋನಿನಲ್ಲೇ ಒಪ್ಪಿದರು. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

ಒಂದೇ ತೊಡಕು ಅತ್ತೆಯ ಮೊಣಕಾಲು. ಅವರನ್ನು ಮರಳಿನಲ್ಲಿ ನಡೆಸುವ ಹಾಗಿಲ್ಲ, ಹೊಸ ಜಾಗದಲ್ಲಿ ಒಬ್ಬರನ್ನೇ ಬಿಡುವ ಹಾಗೂ ಇಲ್ಲ. ಆಗ ನನ್ನ ಕಣ್ಣಿಗೆ ಬಿದ್ದವಳು ರುದ್ರವ್ವ.

ರುದ್ರವ್ವ ಯಾದಗಿರಿ ಕಡೆಯವಳು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದು, ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದಳು. ಹನ್ನೊಂದು ವರ್ಷದಿಂದ ನಮ್ಮ ಹಿಟ್ಟು ರುಬ್ಬುವವಳು, ಪಾತ್ರೆ ತೊಳೆಯುವವಳು ಅವಳೇ. ನನಗಿಂತ ಹದಿನೈದು ವರ್ಷ ದೊಡ್ಡವಳು. ಅವಳು ನನ್ನನ್ನು ಅಕ್ಕಾರ ಎಂದು ಬಹುವಚನದಲ್ಲಿ ಕರೆಯುತ್ತಾಳೆ, ನಾನು ಅವಳನ್ನು ನೀನು ಎನ್ನುತ್ತೇನೆ. ಮೊದಲ ದಿನ ಹಾಗೆ ಬಾಯಿಗೆ ಬಂತು, ಅದೇ ಉಳಿಯಿತು.

ಸಮುದ್ರ ನೋಡಿದ್ದೀಯಾ ಎಂದು ಕೇಳಿದೆ. ಇಲ್ಲ ಎಂದಳು. ಹಾಗಾದರೆ ನಮ್ಮ ಜೊತೆ ಬಾ, ನಿನಗೂ ಒಂದು ಬದಲಾವಣೆಯಾಗುತ್ತದೆ, ಟಿಕೆಟು ನಮ್ಮದೇ ಎಂದೆ. ಅತ್ತೆಯ ಹತ್ತಿರ ಕೂರಬೇಕು, ಅಡುಗೆ ನೋಡಿಕೊಳ್ಳಬೇಕು ಎನ್ನುವುದನ್ನು ಆಮೇಲೆ, ಅದೇನೂ ದೊಡ್ಡದಲ್ಲ ಎನ್ನುವ ಹಾಗೆ ಸೇರಿಸಿದೆ. ಅವಳಿಗೆ ಆ ಭಾಗ ಕೇಳಿಸಿತೋ ಇಲ್ಲವೋ. ಮುಖ ಅರಳಿತ್ತು.

ಮರುದಿನ ಅವಳು ಒಂದು ಚೀಲ ತಂದು ತೋರಿಸಿದಳು. ಹಸಿರು ಖಣ, ಒಂದು ಡಜನ್ ಹಸಿರು ಬಳೆ, ತೆಂಗಿನಕಾಯಿ, ಅಡಿಕೆ, ಅರಿಶಿನ ಕೊಂಬು, ಒಂದು ಹಿಡಿ ಅಕ್ಕಿ. ಸಮುದ್ರಕ್ಕೆ ಉಡಿ ತುಂಬುತ್ತಾಳಂತೆ. ಅವಳ ಮಗಳು ಭಾಗ್ಯಾ ಐದು ತಿಂಗಳ ಬಸುರಿ. ಹಿಂದೆ ಎರಡು ಸಲ ನಿಲ್ಲದೆ ಹೋಗಿತ್ತು. ಅವರ ಕಡೆ ಹೊಳೆಗೆ ಉಡಿ ತುಂಬಿ ಹರಸಿಕೊಳ್ಳುವುದು ನನಗೆ ಗೊತ್ತು, ಆದರೆ ಸಮುದ್ರಕ್ಕೆ ಯಾಕೆ ಎಂದು ಕೇಳಿದೆ.

“ಹೊಳಿ ಎಲ್ಲಾ ಹೋಗಿ ಅಲ್ಲೇ ಸೇರ್ತಾವಂತಲ್ರಿ ಅಕ್ಕಾರ. ಒಂದೊಂದು ಹೊಳೀಗೆ ಎಲ್ಲಿ ತುಂಬ್ಕೋತ ತಿರುಗ್ಲಿ? ಅಲ್ಲೊಂದು ತುಂಬಿದ್ರ ಎಲ್ಲಾ ಗಂಗವ್ವಗೋಳಿಗೂ ಮುಟ್ತದ,” ಎಂದಳು.

ನನಗಿಂತ ಜಾಣೆ ಇವಳು ಎಂದು ನಾನು ನಕ್ಕೆ. ಖಂಡಿತ ತುಂಬಿಸುವ ಎಂದು ಮಾತು ಕೊಟ್ಟೆ. ಕೊಟ್ಟದ್ದು ನನಗೆ ಸರಿಯಾಗಿ ನೆನಪಿದೆ. ಮರೆತುಹೋಯಿತು ಎನ್ನಲು ದಾರಿಯಿಲ್ಲ.

ಸ್ವಾರಗೇಟಿನಿಂದ ಬಸ್ಸು ಹೊರಟಾಗ ಚಳಿ ಕೊರೆಯುತ್ತಿತ್ತು. ಹಿಟ್ಟಿನ ಕ್ಯಾನು ರುದ್ರವ್ವನ ತೊಡೆಯ ಮೇಲೆ. ಪುಣೆಯ ಚಳಿಯಲ್ಲಿ ಹಿಟ್ಟು ಹುಳಿ ಬರುವುದು ನಿಧಾನ ಎಂದು ನಾನು ಕ್ಯಾನಿನ ಬಾಯಿವರೆಗೆ ತುಂಬಿದ್ದೆ. ಘಾಟಿ ಇಳಿದು ಕೊಂಕಣದ ಸೆಕೆ ತಾಗಿದ್ದೇ ತಡ, ಹಿಟ್ಟು ಉಬ್ಬಿ ಮುಚ್ಚಳ ಎತ್ತಿಕೊಂಡು ಹೊರಗೆ ಬಂತು. ರುದ್ರವ್ವನ ಸೀರೆಯೆಲ್ಲ ಹಿಟ್ಟು. ನಾಲ್ಕು ತಲೆಮಾರು ಹೋಟೆಲು ನಡೆಸಿದವರ ಮನೆಯವಳು ಮಾಡುವ ಕೆಲಸವಾ ಇದು ಎಂದು ಅತ್ತೆ ಇಡೀ ಬಸ್ಸಿಗೆ ಕೇಳುವ ಹಾಗೆ ನನ್ನನ್ನು ಬೈದರು. ನಾನು ಆ ಸಿಟ್ಟನ್ನು ರುದ್ರವ್ವನ ಮೇಲೆ ತೀರಿಸಿದೆ, ಒತ್ತಿ ಹಿಡಿಯಬಾರದಾ ಎಂದು. ಅವಳು ಕಾಲಿನ ಹತ್ತಿರವಿದ್ದ ತನ್ನ ಚೀಲವನ್ನು ಮೇಲೆತ್ತಿ, ಖಣಕ್ಕೆ ಹಿಟ್ಟು ತಾಗಿದೆಯಾ ಎಂದು ನೋಡಿದಳು. ತಾಗಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಕೋಣೆ ಸೇರಿದೆವು. ಸಮುದ್ರ ಕಾಣುತ್ತಿರಲಿಲ್ಲ, ಗಾಳಿ ಮರಗಳ ಸಾಲಿನ ಆಚೆ ಇತ್ತು. ಹತ್ತು ನಿಮಿಷದ ದಾರಿ. ಸದ್ದು ಮಾತ್ರ ಕೇಳುತ್ತಿತ್ತು. ಮಕ್ಕಳು ಚಪ್ಪಲಿ ಹಾಕಿಕೊಳ್ಳದೆ ಓಡಿದರು, ಅವರ ಹಿಂದೆ ಗಂಡ, ಅವರ ಹಿಂದೆ ನಾನು. ಅತ್ತೆ ಮಲಗಿದ್ದರು. ರುದ್ರವ್ವ ಹಿಟ್ಟಿನ ಸೀರೆ ಒಗೆಯಲು ಬಾವಿಕಟ್ಟೆಗೆ ಹೋಗಿದ್ದಳು. ನಾಳೆ ಹೋಗುವ ಎಂದು ಅವಳಿಗೆ ಕೂಗಿ ಹೇಳಿದೆ. ಆಗಲ್ರಿ ಎಂದಳು.

ಎರಡನೆಯ ದಿನ ಬೆಳಿಗ್ಗೆ ಅವಳು ಬಿಸಿ ಇಡ್ಲಿ ಮಾಡಿ ಡಬ್ಬಿಗೆ ತುಂಬಿ ಕೊಟ್ಟಳು. ನಾವು ದಡದಲ್ಲಿ ಕೂತು ತಿಂದೆವು. ಹಕ್ಕಿಗಳು ನಿಜವಾಗಿಯೂ ಬಂದವು, ಸುಹಾಸನ ಕೈಯಿಂದಲೇ ಕಿತ್ತುಕೊಂಡವು. ತೆಂಗಿನ ಮಡಲಿನ ಬ್ಯಾಟು ಮಾಡಿ ಕ್ರಿಕೆಟ್ ಆಡಿದೆವು. ಮುಖ ಊದಿಸಿಕೊಂಡು ಬಂದಿದ್ದ ಶರಣ್ಯಾ ಅಪ್ಪನನ್ನು ಔಟು ಮಾಡಿ ಕುಣಿದಾಡಿದಳು. ಗಂಡ ಇಷ್ಟು ನಕ್ಕದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ. ಸಂಜೆ ಹರಾಜಿನಲ್ಲಿ ಒಂದು ಬುಟ್ಟಿ ಬಂಗುಡೆಯನ್ನು ನಾಚಿಕೆಯಾಗುವಷ್ಟು ಕಮ್ಮಿಗೆ ಹಿಡಿದು, ಯುದ್ಧ ಗೆದ್ದವರ ಹಾಗೆ ಕೋಣೆಗೆ ಬಂದೆವು. ಬಂಗುಡೆ ಶುಚಿ ಮಾಡಿದ್ದು ರುದ್ರವ್ವ. ಸುಹಾಸ ಅವಳ ಪಕ್ಕ ಕೂತು ಹಕ್ಕಿಯ ಕಣ್ಣು ಹೇಗಿತ್ತು, ತೆರೆ ಎಷ್ಟೆತ್ತರ ಬಂತು ಎಂದು ಬಾಯಿ ನೋಯುವಷ್ಟು ಹೇಳಿದ. ಅವಳು ಕೈಕೆಲಸ ನಿಲ್ಲಿಸಿ ಕೇಳಿದಳು. ಆಮೇಲೆ ನನ್ನ ಕಡೆ ನೋಡಿ, ನಾಳೆ ಹೋಗೋಣೇನ್ರಿ ಎಂದಳು. ಹ್ಞೂಂ, ನಾಳೆ ಎಂದೆ.

ಸಮುದ್ರವೆಂದರೆ ನನಗೆ ನಮ್ಮ ಮನೆಯ ಹಿತ್ತಿಲು. ಹುಟ್ಟಿದಾಗಿನಿಂದ ನೋಡಿ ನೋಡಿ ಸಾಕಾದದ್ದು. ಅದನ್ನು ನೋಡದೆ ಒಬ್ಬಳು ಐವತ್ತೇಳು ವರ್ಷ ಬದುಕಿದ್ದಾಳೆ, ಹತ್ತು ನಿಮಿಷದ ದೂರದಲ್ಲಿ ಕೂತು ಅದರ ಸದ್ದು ಕೇಳುತ್ತಿದ್ದಾಳೆ ಎನ್ನುವುದು ನನ್ನ ತಲೆಗೆ ಹೋಗಲೇ ಇಲ್ಲ. ಇವತ್ತಲ್ಲದಿದ್ದರೆ ನಾಳೆ, ಅದೇನು ಎದ್ದು ಓಡಿಹೋಗುತ್ತದಾ ಎಂದುಕೊಂಡೆ.

ಮೂರನೆಯ ದಿನ ಮುರುಡ್ ದಡಕ್ಕೆ ಹೋದೆವು. ಷೇರ್ ಆಟೋದಲ್ಲಿ ನಾಲ್ಕೇ ಜಾಗ, ಅತ್ತೆಯ ಹತ್ತಿರವೂ ಒಬ್ಬರು ಬೇಕು. ಸಂಜೆ ಐದಕ್ಕೆ ಬಂದು ನಿನ್ನನ್ನು ಕರೆದುಕೊಂಡು ಹೋಗುತ್ತೇನೆ, ತಯಾರಾಗಿರು ಎಂದು ನಾನೇ ಹೇಳಿ ಹೋದೆ. ಐದೂವರೆಗೆ ಬಂದೆವು. ರುದ್ರವ್ವ ಮೆಟ್ಟಿಲ ಮೇಲೆ ಕೂತಿದ್ದಳು. ತಲೆ ಬಾಚಿ, ಹಣೆಗೆ ವಿಭೂತಿ ಹಚ್ಚಿ, ಒಗೆದ ಸೀರೆ ಉಟ್ಟಿದ್ದಳು. ಮಡಿಲಲ್ಲಿ ಆ ಚೀಲ. ನನ್ನನ್ನು ನೋಡಿ ಎದ್ದು ನಿಂತಳು. ನನ್ನ ಅಂಗಾಲು ಮರಳಿನಲ್ಲಿ ನಡೆದು ಉರಿಯುತ್ತಿತ್ತು, ತಲೆ ಸಿಡಿಯುತ್ತಿತ್ತು. ಹತ್ತು ನಿಮಿಷದ ದಾರಿ. ಹೋಗಿ ಬಂದಿದ್ದರೆ ನಾನೇನು ಸಾಯುತ್ತಿರಲಿಲ್ಲ.

“ನಾಳೆ ಬೆಳಿಗ್ಗೆಯೇ ಹೋಗುವ ರುದ್ರವ್ವ. ಬಸ್ಸು ಒಂಬತ್ತಕ್ಕೆ. ಈಗ ಒಂದು ಲೋಟ ಚಾ ಮಾಡು ಮಾರಾಯ್ತಿ, ತಲೆ ಒಡೀತಾ ಉಂಟು,” ಎಂದೆ.

ಅವಳು ಚೀಲವನ್ನು ಗೂಟಕ್ಕೆ ನೇತುಹಾಕಿ ಸ್ಟವ್ವು ಹಚ್ಚಿದಳು. ಸೂರ್ಯ ಮುಳುಗುವುದನ್ನು ನೋಡಲು ಮಕ್ಕಳು ಇನ್ನೊಮ್ಮೆ ದಡಕ್ಕೆ ಓಡಿದರು. ಅವರ ಜೊತೆಯಾದರೂ ಕಳಿಸಬಹುದಿತ್ತು. ಹೊಳೆಯಲಿಲ್ಲ. ಹೊಳೆಯಲಿಲ್ಲ ಎನ್ನುವುದೂ ಸುಳ್ಳೇ. ಹೊಳೆದಿತ್ತು, ಚಾ ಯಾರು ಮಾಡುತ್ತಾರೆ ಎಂದು ಸುಮ್ಮನಾದೆ.

ನಾಲ್ಕನೆಯ ದಿನ ಇನ್ನೂ ಬೆಳಕು ಹರಿದಿರಲಿಲ್ಲ. ಗಂಡ ಎಲ್ಲಿಂದಲೋ ವಿಚಾರಿಸಿಕೊಂಡು ಬಂದು, ಆರೂವರೆಗೆ ನೇರ ಪುಣೆಯ ಬಸ್ಸಿದೆ, ಒಂಬತ್ತರದಕ್ಕೆ ಹೋದರೆ ದಾಪೋಲಿಯಲ್ಲಿ ಇಳಿದು ಹತ್ತಬೇಕು, ಅಮ್ಮನಿಗೆ ಕಷ್ಟ ಎಂದರು. ಗಡಿಬಿಡಿ ಶುರುವಾಯಿತು. ಹಾಸಿಗೆ ಸುತ್ತು, ಪಾತ್ರೆ ಕಟ್ಟು, ಮಕ್ಕಳನ್ನು ಎಬ್ಬಿಸು. ರುದ್ರವ್ವ ಬಾವಿಕಟ್ಟೆಯ ಹತ್ತಿರ ಕತ್ತಲಲ್ಲಿ ಬಗ್ಗಿ ನಿಂತು ಏನೋ ಮಾಡುತ್ತಿದ್ದಳು. ಅಲ್ಲಿ ಎಂತ ಮಾಡ್ತಾ ಇದ್ದಿ, ಬೇಗ ಬಾ ಎಂದು ಗದರಿದೆ. ಬಂದೆನ್ರಿ ಎಂದು ಸೆರಗಿಗೆ ಕೈ ಒರೆಸಿಕೊಂಡು ಬಂದಳು.

ಬಸ್ಸಿನಲ್ಲಿ ಅತ್ತೆ ಅವಳ ಹೆಗಲ ಮೇಲೆ ತಲೆಯಿಟ್ಟು ನಿದ್ದೆಹೋದರು. ನನಗೆ ಉಡಿಯ ನೆನಪಾದದ್ದು ಬಸ್ಸು ಊರು ದಾಟಿ ಎಷ್ಟೋ ಹೊತ್ತಿನ ಮೇಲೆ. ಮುಂದಿನ ಸೀಟಿನಲ್ಲಿದ್ದ ಅವಳ ತಲೆಯ ಹಿಂಭಾಗ ಕಾಣುತ್ತಿತ್ತು. ಎದ್ದು ಹೋಗಿ ಒಂದು ಮಾತು ಹೇಳಬೇಕಿತ್ತು, ತಪ್ಪಾಯಿತು ಎಂದು. ನಾನು ಕಣ್ಣು ಮುಚ್ಚಿ ನಿದ್ದೆ ಬಂದವರ ಹಾಗೆ ಕೂತೆ, ಸ್ವಾರಗೇಟು ಬರುವವರೆಗೂ. ಅವಳೂ ಏನೂ ಕೇಳಲಿಲ್ಲ. ಆಮೇಲೂ ಕೇಳಲಿಲ್ಲ. ಮರುದಿನ ಹೊಸ ಕಲ್ಲಿನ ನೆಲದ ಮೇಲೆ ಎಂದಿನಂತೆ ಹಿಟ್ಟು ರುಬ್ಬಿದಳು. ಒಮ್ಮೆ ಬೈದಿದ್ದರೆ, ಮುಖ ತಿರುಗಿಸಿದ್ದರೆ, ನನಗೂ ಎರಡು ಮಾತು ತಿರುಗಿ ಹೇಳಿ ಹಗುರಾಗಬಹುದಿತ್ತು. ಆ ಉಪಕಾರವನ್ನೂ ಅವಳು ಮಾಡಲಿಲ್ಲ.

ಹೆಚ್ಚುಕಡಿಮೆ ಒಂದೂವರೆ ತಿಂಗಳ ಮೇಲೆ ಒಂದು ಭಾನುವಾರ ಹರ್ಣೈಯಿಂದ ಕಾಕು ಫೋನು ಮಾಡಿದರು. ದನಿ ಬಿಸಿಯಾಗಿತ್ತು. ಅವರ ಬಾವಿಯ ಪಂಪು ನೀರೆಳೆಯುವುದು ನಿಲ್ಲಿಸಿತ್ತಂತೆ. ಎತ್ತಿಸಿ ನೋಡಿದರೆ ಪೈಪಿನ ಬಾಯಿಗೆ ಒಂದು ಹಸಿರು ಬಟ್ಟೆ ಸುತ್ತಿಕೊಂಡಿತ್ತು, ಅದರಲ್ಲಿ ಬಳೆಗಳು ಬೇರೆ. ನಿಮ್ಮ ಜೊತೆ ಬಂದಿದ್ದ ಕೆಲಸದ ಹೆಂಗಸಿನದ್ದೇ ಇರಬೇಕು, ಕುಡಿಯುವ ನೀರಿಗೆ ಇಂಥದ್ದೆಲ್ಲ ಹಾಕುತ್ತಾರಾ ಎಂದು ಮರಾಠಿಯಲ್ಲಿ ಚೆನ್ನಾಗಿ ಉಗಿದರು. ನಾನು ಕ್ಷಮೆ ಕೇಳಿ ಪಂಪಿನ ರಿಪೇರಿ ದುಡ್ಡು ಕಳಿಸುತ್ತೇನೆಂದೆ.

ಹೇಳಿದರೆ ನಂಬಬೇಕು, ನನಗೆ ಮೊದಲು ಬಂದದ್ದು ಸಿಟ್ಟು. ಮರ್ಯಾದೆ ತೆಗೆದಳಲ್ಲ ಎಂದು. ಅವತ್ತು ಭಾಗ್ಯಾಳ ಕುಬಸವಿತ್ತು, ಏಳು ತಿಂಗಳಿಗೆ ಬಸುರಿಗೆ ಹಸಿರು ಸೀರೆ ಉಡಿಸಿ ಬಳೆ ತೊಡಿಸುವ ಶಾಸ್ತ್ರ. ರುದ್ರವ್ವ ರಜೆ ಹಾಕಿ ನಮ್ಮನ್ನೂ ಕರೆದಿದ್ದಳು. ನಾನು ಹೋಗುವ ಯೋಚನೆಯಲ್ಲಿರಲಿಲ್ಲ. ಈಗ ಹೋಗಿಯೇ ಕೇಳುತ್ತೇನೆ ಎಂದು ಖಡಕಿಯ ಪಕ್ಕದ ದಾಪೋಡಿಯಲ್ಲಿದ್ದ ಅವಳ ತಗಡಿನ ಮನೆಗೆ ಹೊರಟೆ. ದಾರಿಯಲ್ಲಿ ಬೈಗಳನ್ನು ಜೋಡಿಸಿಕೊಳ್ಳುತ್ತಲೇ ಹೋದೆ.

ಬಾಗಿಲ ಹತ್ತಿರ ಚಪ್ಪಲಿಗಳ ರಾಶಿ. ಒಳಗೆ ಎಂಟು ಹತ್ತು ಹೆಂಗಸರು, ನಡುವೆ ಹಸಿರು ಸೀರೆಯ ಭಾಗ್ಯಾ. ರುದ್ರವ್ವ ನನಗೆ ಬೆನ್ನು ಹಾಕಿ ಕೂತು ಮಾತಾಡುತ್ತಿದ್ದಳು. ಸಮುದ್ರದ ಮಾತು. ಬಿಳಿ ಹಕ್ಕಿಗಳು ಅವಳ ಕೈಯಿಂದಲೇ ಕಿತ್ತುಕೊಂಡು ತಿಂದವಂತೆ, ಅವುಗಳ ಕಣ್ಣು ಗುಲಗಂಜಿಯಷ್ಟೇ ಇದ್ದವಂತೆ. ತೆರೆ ಆಳೆತ್ತರ ಬಂತಂತೆ. ಅವಳಿಗೆ ಹೆದರಿಕೆಯಾಯಿತಂತೆ, ಆಗ ಅಕ್ಕಾರು ರಟ್ಟೆ ಗಟ್ಟಿಯಾಗಿ ಹಿಡಿದುಕೊಂಡು, ಹೆದರಬೇಡ ನಾನಿದ್ದೇನೆ ಎಂದು ನೀರಿನೊಳಗೆ ಕರೆದುಕೊಂಡು ಹೋದರಂತೆ. ಉಡಿಯನ್ನು ನೀರಿನ ಮೇಲೆ ಇಟ್ಟ ಕೂಡಲೇ ಗಂಗವ್ವ ತಾನೇ ಕೈಚಾಚಿದ ಹಾಗೆ ತೆರೆ ಬಂದು ತೆಗೆದುಕೊಂಡು ಹೋಯಿತಂತೆ. ಇನ್ನು ಭಾಗ್ಯಾಳಿಗೆ ಏನೂ ಆಗುವುದಿಲ್ಲವಂತೆ.

ಭಾಗ್ಯಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದಳು. ಅವಳ ಮುಖದಲ್ಲಿದ್ದ ಧೈರ್ಯವನ್ನು ನೋಡಿ ನನ್ನ ಕಾಲು ಅಲ್ಲೇ ನಿಂತಿತು. ಅಷ್ಟರಲ್ಲಿ ಯಾರೋ ನನ್ನನ್ನು ನೋಡಿದರು. ರುದ್ರವ್ವ ತಿರುಗಿದಳು. ನನ್ನ ಮುಖ ನೋಡಿದ್ದೇ ಅವಳ ಬಣ್ಣ ಇಳಿದುಹೋಯಿತು. ಎಲ್ಲರಿಗಿಂತ ಹಿರಿಯಳಾದ ಪಕ್ಕದ ಮನೆಯ ಮಹದೇವಮ್ಮ ನನ್ನನ್ನು ಕೈಹಿಡಿದು ಒಳಗೆ ಕರೆದು, ಚಾಪೆಯ ಮೇಲೆ ಕೂರಿಸಿ, ಹಣೆಗೆ ಕುಂಕುಮ ಹಚ್ಚಿದಳು.

“ನಿಮ್ಮ ಹೊಟ್ಟಿ ತಣ್ಣಗಿರ್ಲಿ ಅವ್ವಾ. ದುಡ್ಯಾಕ ಬಂದ ಹೆಣ್ಮಗಳ್ನ ಸ್ವಂತ ಅಕ್ಕನಂಗ ಸಮುದ್ರಕ್ಕ ಕರ್ಕೊಂಡು ಹೋಗಿ ಉಡಿ ತುಂಬಿಸೀರಿ. ಯಾರು ಮಾಡ್ತಾರ ಇಷ್ಟು?” ಎಂದಳು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ರುದ್ರವ್ವ ನೆಲ ನೋಡುತ್ತಿದ್ದಳು. ಇಲ್ಲ, ನಾನು ಕರೆದುಕೊಂಡು ಹೋಗಲಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ನನ್ನ ಎದೆಯ ಭಾರ ಇಳಿಯುತ್ತಿತ್ತು, ಭಾಗ್ಯಾಳ ಎದೆಗೆ ಏರುತ್ತಿತ್ತು.

“ತೆರೆ ಜೋರಿತ್ತು ಅವತ್ತು,” ಎಂದೆ.

ಭಾಗ್ಯಾ ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ನಾನು ಬೇಡ ಬೇಡ ಎಂದು ಎತ್ತಿದೆ. ಹೋಳಿಗೆ ಬಡಿಸಿದರು. ತಿಂದೆ. ಪಂಪಿನ ಮಾತು ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ರುದ್ರವ್ವ ಕೆಲಸಕ್ಕೆ ಬಂದಾಗ ನಾನು ಗ್ರೈಂಡರಿನ ಹತ್ತಿರವೇ ಕಾದಿದ್ದೆ. ಅವಳೇ ಮೊದಲು ಬಾಯಿ ಬಿಟ್ಟಳು. ಅವತ್ತು ಹೊರಡುವ ಗಡಿಬಿಡಿಯಲ್ಲಿ ಬಾವಿಯಲ್ಲೇ ಉಡಿ ತುಂಬಿದ್ದಾಗಿ ಹೇಳಿದಳು. ಆ ಬಾವಿಯ ನೀರು ಸ್ವಲ್ಪ ಉಪ್ಪುಪ್ಪಗಿತ್ತು, ಸಮುದ್ರವೇ ಒಳಗಿನಿಂದ ಬಂದಿರಬೇಕು ಎಂದುಕೊಂಡಳಂತೆ. ಭಾಗ್ಯಾಳಿಗೆ ಬಾವಿ ಎಂದು ಹೇಳಲು ಬಾಯಿ ಬರಲಿಲ್ಲವಂತೆ. ಸುಳ್ಳು ಹೇಳಿದ್ದಕ್ಕೆ ಸಿಟ್ಟಾಗಬೇಡಿ ಎಂದು ನನ್ನ ಹತ್ತಿರ ಕ್ಷಮೆ ಕೇಳಿದಳು. ಅವಳು, ನನ್ನ ಹತ್ತಿರ.

ನನಗೆ ಅಳು ತಡೆಯಲಾಗಲಿಲ್ಲ. ತಪ್ಪು ನನ್ನದು ರುದ್ರವ್ವ ಎಂದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನೀವು ಎಂದೆ. ಬರುವ ಭಾನುವಾರವೇ ನಾವಿಬ್ಬರೇ ಹೋಗುವ, ಹಿಟ್ಟು ಬೇಡ, ಸ್ಟವ್ವು ಬೇಡ, ಹೋಟೆಲಿನಲ್ಲೇ ತಿನ್ನುವ, ದಿನವಿಡೀ ದಡದಲ್ಲೇ ಕೂರುವ, ಹೊಸ ಉಡಿ ನಾನೇ ತರುತ್ತೇನೆ ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಬೇಡವೆಂದು ತಲೆಯಾಡಿಸಿದಳು.

“ಈಗ ಹ್ಯಾಂಗ ಬರ್ಲಿ ಅಕ್ಕಾರ? ನೋಡೀನಿ ಅಂತ ಎಲ್ಲಾರ ಮುಂದ ಹೇಳೀನಿ. ಮತ್ತ ಉಡಿ ತಗೊಂಡು ಹೋದ್ರ ಭಾಗ್ಯಾ ಕೇಳ್ತಾಳ, ಆವಾಗ ತುಂಬಿದ್ದು ಏನಾತಂತ. ನಂದು ನೋಡಿದ್ದಾತು ಬಿಡ್ರಿ.”

ಹೆರಿಗೆಯಾದ ಮೇಲೆ ಹೋಗುವ ಎಂದೆ. ನನ್ನ ನಾಳೆಗಳನ್ನು ಅವಳು ಸಾಕಷ್ಟು ಕೇಳಿದ್ದಳು. ಅಕ್ಕಿ ತೊಳೆದು ಗ್ರೈಂಡರಿಗೆ ಹಾಕಿ, ಸ್ವಿಚ್ಚಿನ ಮೇಲೆ ಕೈಯಿಟ್ಟವಳು ಹಾಗೇ ನಿಂತಳು. ಆಚೀಚೆ ನೋಡಿ ದನಿ ತಗ್ಗಿಸಿದಳು.

“ಒಂದು ಮಾತು ಹೇಳ್ರಿ ಅಕ್ಕಾರ. ತೆರಿ ಬಂದು ತಿರುಗಿ ಹೋಗೂಮುಂದ ಕಾಲಿಗೆ ಹ್ಯಾಂಗ ಆಗ್ತದ? ನಿನ್ನಿ ನೀವು ಹ್ವಾದ ಮ್ಯಾಲ ಭಾಗ್ಯಾ ಅದನ್ನ ಕೇಳಿದ್ಲು. ಸುಹಾಸಪ್ಪ ಅದೊಂದು ಹೇಳಿದ್ದಿಲ್ಲ.”

ನಾನು ಹೇಳಿದೆ. ಪಾದದ ಕೆಳಗಿನ ಮರಳು ಮೆಲ್ಲಗೆ ಸರಿಯುತ್ತದೆ, ಹಿಮ್ಮಡಿ ಒಳಗೆ ಇಳಿಯುತ್ತದೆ, ನಿಂತಲ್ಲೇ ನಿಂತಿದ್ದರೂ ಯಾರೋ ನಮ್ಮನ್ನು ಹಿಂದಕ್ಕೆ ಎಳೆದ ಹಾಗಾಗುತ್ತದೆ, ಒಂದು ಕ್ಷಣ ತಲೆ ತಿರುಗುತ್ತದೆ ಎಂದೆ. ಅವಳು ಕಣ್ಣು ಮುಚ್ಚಿಕೊಂಡು ಕೇಳಿದಳು. ಉಸುಕು ಸರಿತದ, ಹಿಮ್ಮಡ ಇಳಿತದ, ಹಿಂದಕ್ಕ ಎಳಿತದ ಎಂದು ತನ್ನಷ್ಟಕ್ಕೆ ಎರಡು ಸಲ ಹೇಳಿಕೊಂಡಳು. ತಪ್ಪಿಲ್ಲ ತಾನೇ ಎನ್ನುವ ಹಾಗೆ ನನ್ನ ಮುಖ ನೋಡಿದಳು. ಸರಿಯಿದೆ ಎಂದೆ. ಅವಳು ಸ್ವಿಚ್ಚು ಹಾಕಿದಳು.